ಮುತ್ತಿನ ವೃತ್ತ ಕೆಡವಿದವರೇ, ಲೆಕ್ಕ ಕೊಡಿ

2011ರ ಮಾರ್ಚ್ 18, ಶುಕ್ರವಾರ. ಬಹ್ರೇನ್ ರಾಜಧಾನಿ ಮನಾಮಾದಲ್ಲಿ ಸುಮಾರು 300 ಅಡಿ ಎತ್ತರ ನಿಂತಿದ್ದ ಸ್ಮಾರಕವೊಂದನ್ನು ಅಲ್ಲಿನ ಸರ್ಕಾರವೇ ಹಾಡಹಗಲೇ ಕೆಡವಿ ಹಾಕಿತು. ಹಡಗಿನ ಹಾಯಿಗಳಂತೆ ಬಾಗಿದ ಆರು ಬಿಳಿ ಕಾಂಕ್ರೀಟ್ ಕಮಾನುಗಳು, ಅವು ಕೂಡುವ ತುದಿಯಲ್ಲಿ ದೊಡ್ಡದೊಂದು ಮುತ್ತು. ಊರಿನವರು ಆ ಜಾಗವನ್ನು ಲುಲು ವೃತ್ತ ಎಂದು ಕರೆಯುತ್ತಿದ್ದರು, ಅಂದರೆ ಮುತ್ತಿನ ವೃತ್ತ. ಕೆಡವಿದ ವಿಡಿಯೊ ಈಗಲೂ ಸಿಗುತ್ತದೆ. ಬುಡ ಸಡಿಲಾದ ಕಮಾನುಗಳು ಒಂದರ ಹಿಂದೊಂದು ಮುರಿಯುತ್ತವೆ, ಮುತ್ತು ನೆಲಕ್ಕೆ ಬೀಳುತ್ತದೆ, ಧೂಳು ಏಳುತ್ತದೆ. ಕುಸಿದ ಕಾಂಕ್ರೀಟು ಪಕ್ಕದಲ್ಲಿದ್ದ ಕ್ರೇನಿನ ಮೇಲೂ ಬಿತ್ತು. ಅದರೊಳಗೆ ಕೂತು ಕೆಲಸ ಮಾಡುತ್ತಿದ್ದ ವಲಸೆ ಕಾರ್ಮಿಕ ಸತ್ತುಹೋದ.

ಯಾಕೆ ಕೆಡವಿದಿರಿ ಎಂದು ಪತ್ರಕರ್ತರು ಕೇಳಿದಾಗ, ಒಂದು ಕೆಟ್ಟ ನೆನಪನ್ನು ತೆಗೆದುಹಾಕಿದೆವು ಎಂದರು ವಿದೇಶಾಂಗ ಸಚಿವ ಖಾಲಿದ್ ಬಿನ್ ಅಹ್ಮದ್ ಅಲ್ ಖಲೀಫಾ. ಯಾರಿಗೆ ಕೆಟ್ಟ ನೆನಪು, ಸ್ವಾಮಿ? ಅಲ್ಲಿ ಗುಂಡು ತಿಂದವರಿಗೋ, ಗುಂಡು ಹಾರಿಸಲು ಹೇಳಿದವರಿಗೋ?

ಆ ಸ್ಮಾರಕ ಕಟ್ಟಿದ್ದು ಚಳವಳಿಗಾರರೇನಲ್ಲ, ಅರಮನೆಯೇ. 1982ರಲ್ಲಿ ಕೊಲ್ಲಿ ಸಹಕಾರ ಮಂಡಳಿಯ ಶೃಂಗಸಭೆ ಬಹ್ರೇನ್‌ನಲ್ಲಿ ನಡೆದಾಗ ಅದನ್ನು ಎಬ್ಬಿಸಿದರು. ಆರು ಹಾಯಿಗಳೆಂದರೆ ಆರು ಸದಸ್ಯ ದೇಶಗಳು; ಮೇಲಿನ ಮುತ್ತು ಅವೆಲ್ಲಕ್ಕೂ ಸೇರಿದ ಪರಂಪರೆ. ಸುಮಾರು ಮೂರು ದಶಕ ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. 500 ಫಿಲ್ಸ್ ನಾಣ್ಯದ ಮೇಲೂ ಅದರ ಚಿತ್ರವೇ ಇತ್ತು. ಜನ ಅದರ ಕೆಳಗೆ ಕೂತು ತಮ್ಮ ಹಕ್ಕು ಕೇಳಿದ ಮೇಲೆ ಅದು ಇದ್ದಕ್ಕಿದ್ದಂತೆ ಕಣ್ಣಿಗೆ ಚುಚ್ಚತೊಡಗಿತು.

ಕೇಳಿದ್ದಾದರೂ ಏನು? ಆಕಾಶದ ಚುಕ್ಕಿಯನ್ನಲ್ಲ. ಅಲ್ ಖಲೀಫಾ ಮನೆತನ 1783ರಿಂದ ಆ ದ್ವೀಪವನ್ನು ಆಳುತ್ತಿದೆ. 2001ರ ಫೆಬ್ರುವರಿ 14 ಮತ್ತು 15ರಂದು ನಡೆದ ಜನಮತಗಣನೆಯಲ್ಲಿ ಸುಧಾರಣೆಯ ಸನ್ನದಿಗೆ ಶೇ 98ಕ್ಕೂ ಹೆಚ್ಚು ಮಂದಿ ಹೌದು ಎಂದಿದ್ದರು. ಚುನಾಯಿತ ಸಂಸತ್ತು ಬರುತ್ತದೆಂದು ನಂಬಿದ್ದರು. ಮರುವರ್ಷ ದೊರೆ ಹಮದ್ ತಾವೇ ಸಂವಿಧಾನ ಹೊರಡಿಸಿ, ತಾವೇ ನೇಮಿಸುವ ಮೇಲ್ಮನೆಯನ್ನು ಚುನಾಯಿತ ಸದನದ ತಲೆಯ ಮೇಲೆ ಕೂರಿಸಿದರು. 1971ರಲ್ಲಿ ದೇಶ ಸ್ವತಂತ್ರವಾದಾಗ ಪ್ರಧಾನಿಯಾದ ದೊರೆಯ ಚಿಕ್ಕಪ್ಪ 2020ರಲ್ಲಿ ಸಾಯುವವರೆಗೂ ಆ ಕುರ್ಚಿ ಬಿಟ್ಟು ಏಳಲಿಲ್ಲ. ಕೊಟ್ಟ ಮಾತಿಗೆ ಹತ್ತು ವರ್ಷ ತುಂಬಿದ ದಿನ, 2011ರ ಫೆಬ್ರುವರಿ 14ರಂದು, ಜನ ಬೀದಿಗಿಳಿದರು. ಒಂದು ತಿಂಗಳ ಹಿಂದಷ್ಟೇ ಟ್ಯುನೀಷಿಯಾದಿಂದ ಅಲ್ಲಿನ ಅಧ್ಯಕ್ಷ ಬೆನ್ ಅಲಿ ಓಡಿಹೋಗಿದ್ದ. ಮೂರು ದಿನದ ಹಿಂದೆ ಕೈರೋದಲ್ಲಿ ಈಜಿಪ್ಟಿನ ಅಧ್ಯಕ್ಷ ಮುಬಾರಕ್ ಗದ್ದುಗೆಯಿಂದ ಇಳಿದಿದ್ದ. ಬಹ್ರೇನ್‌ನ ಜನ ಕೇಳಿದ್ದು ಚುನಾಯಿತ ಸರ್ಕಾರ, ನಿಜವಾದ ಸಂವಿಧಾನ, ಬಹುಸಂಖ್ಯಾತ ಶಿಯಾಗಳಿಗೆ ಪೊಲೀಸ್, ಸೇನೆ, ಸರ್ಕಾರಿ ನೌಕರಿಯಲ್ಲಿ ಮುಚ್ಚಿದ್ದ ಬಾಗಿಲು ತೆರೆಯುವುದು. ದೊರೆತನವೇ ತೊಲಗಲಿ ಎಂದು ಮೊದಲ ದಿನ ಬಹುಪಾಲು ಜನ ಕೇಳಿರಲೇ ಇಲ್ಲ. ಆ ಮಾತನ್ನು ಅವರ ಬಾಯಲ್ಲಿ ಹುಟ್ಟಿಸಿದ್ದು ಗುಂಡು.

ಫೆಬ್ರುವರಿ 17ರ ಬೆಳಗಿನ ಜಾವ, ಇನ್ನೂ ಕತ್ತಲು. ವೃತ್ತದಲ್ಲಿ ಡೇರೆ ಹಾಕಿಕೊಂಡು ಗಂಡಸರು, ಹೆಂಗಸರು, ಮಕ್ಕಳು ಮಲಗಿದ್ದರು. ಪೊಲೀಸರು ಅಶ್ರುವಾಯು, ಲಾಠಿ, ಶಾಟ್‌ಗನ್ ಹಿಡಿದು ನಾಲ್ಕೂ ಕಡೆಯಿಂದ ನುಗ್ಗಿದರು. ನಾಲ್ವರು ಸತ್ತರು. ಮಲಗಿದವರ ಮೇಲೆ ಕೈಮಾಡುವುದನ್ನು ಯಾವ ಧರ್ಮ ಒಪ್ಪುತ್ತದೆ, ಯಾವ ಕಾನೂನು ಒಪ್ಪುತ್ತದೆ? ಎರಡು ದಿನ ಬಿಟ್ಟು, ಆಮೇಲೆ ವೃತ್ತ ಕಾಯಲು ಬಂದಿದ್ದ ಸೇನೆ ಹಿಂದೆ ಸರಿದಾಗ ಜನ ಅದೇ ಜಾಗಕ್ಕೆ ಮರಳಿ ಬಂದರು, ಇನ್ನೂ ಹೆಚ್ಚಾಗಿ ಬಂದರು. ಆಗ ಆರು ಲಕ್ಷವೂ ತುಂಬದ ನಾಗರಿಕರಿದ್ದ ದೇಶದಲ್ಲಿ ಲಕ್ಷ ಮೀರಿದ ಮೆರವಣಿಗೆಗಳು ಹೊರಟವು. ಕಾಲೇಜು ಹುಡುಗಿ ಆಯತ್ ಅಲ್ ಕುರ್ಮೇಜಿ ಆ ವೃತ್ತದಲ್ಲಿ ನಿಂತು ದೊರೆಯನ್ನು ಪ್ರಶ್ನಿಸುವ ಕವಿತೆ ಓದಿದಳು. ಅದಕ್ಕಾಗಿ ಅವಳನ್ನು ಹಿಡಿದು ಒಂದು ವರ್ಷದ ಶಿಕ್ಷೆ ಕೊಟ್ಟರು. ಇಪ್ಪತ್ತು ವಯಸ್ಸಿನ ಹುಡುಗಿಯ ಒಂದು ಕವಿತೆಗೆ ನಡುಗುವ ಸಿಂಹಾಸನವನ್ನು ಕಾಯಲು ಎಷ್ಟು ಸೇನೆ ಬಂದರೆ ತಾನೇ ಸಾಕು?

ಸೇನೆ ಬಂದೇ ಬಂತು, ಅದೂ ಹೊರಗಿನಿಂದ. ಮಾರ್ಚ್ 14ರಂದು ಸುಮಾರು 25 ಕಿಲೋಮೀಟರ್ ಉದ್ದದ ಕಿಂಗ್ ಫಹದ್ ಸೇತುವೆ ದಾಟಿ ಸೌದಿ ಪಡೆಗಳು ಬಂದವು. ಯುಎಇ ತನ್ನ ಪೊಲೀಸರನ್ನು ಕಳಿಸಿತು. ಮರುದಿನ ತುರ್ತು ಪರಿಸ್ಥಿತಿ. 16ರಂದು ವೃತ್ತವನ್ನು ಬಲವಂತವಾಗಿ ತೆರವು ಮಾಡಿದರು. 18ರಂದು ಸ್ಮಾರಕವನ್ನೇ ಉರುಳಿಸಿದರು. ಯಾವ ದೇಶಗಳ ಒಗ್ಗಟ್ಟಿಗೆಂದು ಆ ಹಾಯಿಗಳನ್ನು ಎಬ್ಬಿಸಿದ್ದರೋ ಅದೇ ದೇಶಗಳ ಪಡೆಗಳು ದ್ವೀಪದಲ್ಲಿ ಬೀಡುಬಿಟ್ಟಿರುವಾಗಲೇ ಅವು ಮುರಿದು ಬಿದ್ದವು.

ಕೆಡವುವ ಚಾಳಿ ಅಲ್ಲಿಗೆ ನಿಲ್ಲಲಿಲ್ಲ. ಸ್ಮಾರಕದ ಚಿತ್ರವಿದ್ದ ನಾಣ್ಯವನ್ನು ಚಲಾವಣೆಯಿಂದ ಹಿಂತೆಗೆದುಕೊಂಡರು. ವೃತ್ತವಿದ್ದ ಜಾಗವನ್ನು ಸಿಗ್ನಲ್ಲಿನ ಜಂಕ್ಷನ್ ಮಾಡಿ, ಹೆಸರು ಬದಲಿಸಿ, ಸುತ್ತ ಕಾವಲು ಹಾಕಿ ವರ್ಷಗಟ್ಟಲೆ ಮುಚ್ಚಿಟ್ಟರು. ಹಳ್ಳಿಗಳಲ್ಲಿ ಹುಡುಗರು ಆ ಸ್ಮಾರಕದ ಪುಟ್ಟ ಮಾದರಿ ಕಟ್ಟಿ ನಿಲ್ಲಿಸಿದರೆ ಪೊಲೀಸರು ಬಂದು ಅದನ್ನೂ ಒಡೆದರು. ಸಲ್ಮಾನಿಯಾ ಆಸ್ಪತ್ರೆಯನ್ನು ಸೇನೆ ವಶಕ್ಕೆ ತೆಗೆದುಕೊಂಡಿತು. ಗಾಯಾಳುಗಳಿಗೆ ಮದ್ದು ಹಚ್ಚಿದ ವೈದ್ಯರನ್ನೂ ದಾದಿಯರನ್ನೂ ಹಿಡಿದೊಯ್ದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಇಪ್ಪತ್ತು ಮಂದಿ ವೈದ್ಯಕೀಯ ಸಿಬ್ಬಂದಿಗೆ 5ರಿಂದ 15 ವರ್ಷದವರೆಗೆ ಶಿಕ್ಷೆ ವಿಧಿಸಿತು. ಜಗತ್ತು ಛೀಮಾರಿ ಹಾಕಿದ ಮೇಲೆ, ಮುಂದಿನ ವಿಚಾರಣೆಯಲ್ಲಿ, ಕೆಲವರು ಖುಲಾಸೆಯಾದರು, ಕೆಲವರ ಶಿಕ್ಷೆ ಇಳಿಯಿತು. ಅಲ್ ವಸತ್ ಪತ್ರಿಕೆಯ ಸಂಸ್ಥಾಪಕರಲ್ಲೊಬ್ಬರಾದ ಕರೀಂ ಫಖ್ರಾವಿ ಏಪ್ರಿಲ್‌ನಲ್ಲಿ ಬಂಧನದಲ್ಲೇ ಸತ್ತರು. ಆ ಪತ್ರಿಕೆಯನ್ನು 2017ರಲ್ಲಿ ಮುಚ್ಚಿಸಿದರು.

ಇನ್ನು ಮಸೀದಿಗಳು. ಆ ವಸಂತದಲ್ಲಿ ಶಿಯಾಗಳ ಪ್ರಾರ್ಥನಾ ಸ್ಥಳಗಳ ಮೇಲೆ ಬುಲ್ಡೋಜರ್ ಹರಿಯಿತು. ಆಲಿ ಊರಿನಲ್ಲಿ ನಾಲ್ಕು ಶತಮಾನದ ಹಳೆಯದೆಂದು ಜನ ಹೇಳುತ್ತಿದ್ದ ಅಮೀರ್ ಮೊಹಮ್ಮದ್ ಬ್ರೈಘಿ ಮಸೀದಿಯೂ ನೆಲಸಮವಾಯಿತು. ಪರವಾನಗಿ ಇರಲಿಲ್ಲ ಎಂದು ತಿಪ್ಪೆ ಸಾರಿಸಿದರು. ಪರವಾನಗಿಯ ನೆನಪು ಬಂಡಾಯವೆದ್ದ ವಸಂತದಲ್ಲೇ ಬಂದದ್ದು ಹೇಗೆ? ಸ್ವತಂತ್ರ ತನಿಖಾ ಆಯೋಗ 30 ಸ್ಥಳಗಳನ್ನು ಪರಿಶೀಲಿಸಿ, ಕೆಡವಿದ ಹೊತ್ತು ಮತ್ತು ರೀತಿಯನ್ನು ನೋಡಿದರೆ ಜನ ಇದನ್ನು ಸಾಮೂಹಿಕ ಶಿಕ್ಷೆಯೆಂದೇ ತಿಳಿಯುತ್ತಾರೆ ಎಂದು ಹೇಳಿತು.

ಆ ಆಯೋಗ ವಿರೋಧಿಗಳು ಕೂಡಿಸಿದ್ದಲ್ಲ, ದೊರೆಯೇ ನೇಮಿಸಿದ್ದು. ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಶರೀಫ್ ಬಸ್ಸಿಯೂನಿ ಅದರ ಅಧ್ಯಕ್ಷರು. 2011ರ ನವೆಂಬರ್ 23ರಂದು ದೊರೆಯ ಎದುರಿಗೇ ಅವರು ವರದಿ ಒಪ್ಪಿಸಿದರು. ಫೆಬ್ರುವರಿ 14ರಿಂದ ಏಪ್ರಿಲ್ 15ರವರೆಗೆ 35 ಸಾವು. ಐವರು ಸತ್ತದ್ದು ಚಿತ್ರಹಿಂಸೆಯಿಂದ. ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸುವುದು, ಹೊಡೆಯುವುದು, ನಿದ್ದೆಗೆಡಿಸುವುದು, ತಪ್ಪೊಪ್ಪಿಗೆ ಬರೆಸಿಕೊಳ್ಳುವುದು, ಎಲ್ಲವೂ ಪುಟ ಪುಟದಲ್ಲಿ ದಾಖಲಾಗಿವೆ. ದೊರೆ ಸುಧಾರಣೆಯ ಮಾತಾಡಿದರು, ಚಪ್ಪಾಳೆಯೂ ಬಿತ್ತು. ಆಮೇಲೆ ನಡೆದದ್ದೇನು? ಪ್ರಮುಖ ವಿರೋಧ ಪಕ್ಷ ಅಲ್ ವಿಫಾಕ್ ಅನ್ನು 2016ರಲ್ಲಿ ವಿಸರ್ಜಿಸಿದರು. ಅದರ ನಾಯಕ ಅಲಿ ಸಲ್ಮಾನ್‌ಗೆ 2018ರಲ್ಲಿ ಜೀವಾವಧಿ. ಮಾನವ ಹಕ್ಕು ಹೋರಾಟಗಾರ ಅಬ್ದುಲ್‌ಹಾದಿ ಅಲ್ ಖವಾಜಾಗೆ 2011ರಲ್ಲೇ ಜೀವಾವಧಿ ಬಿದ್ದಿತ್ತು. 2012ರಲ್ಲಿ ಅವರು 110 ದಿನ ಅನ್ನ ಬಿಟ್ಟರು. ಆ ಉಪವಾಸದ ನಡುವೆಯೇ, ಏಪ್ರಿಲ್‌ನಲ್ಲಿ, ಅದೇ ದ್ವೀಪದಲ್ಲಿ ಫಾರ್ಮುಲಾ ಒನ್ ಕಾರುಗಳು ಓಡಿದವು. ಟಿವಿ ಮುಂದೆ ಕೂತ ಜಗತ್ತು ಯಾವ ಕಾರು ಗೆದ್ದಿತೆಂದು ನೋಡುತ್ತಿತ್ತು.

ಜಗತ್ತಿನ ದೊಡ್ಡಣ್ಣನ ನಡತೆಯನ್ನೂ ಹೇಳಬೇಕು. ಅಮೆರಿಕದ ಐದನೇ ನೌಕಾಪಡೆಯ ನೆಲೆ ಇರುವುದು ಇದೇ ಬಹ್ರೇನ್‌ನಲ್ಲಿ. 2011ರ ಮೇ 19ರ ಭಾಷಣದಲ್ಲಿ ಒಬಾಮಾ ಬಹ್ರೇನ್‌ನ ಹೆಸರೆತ್ತಿ, ಶಿಯಾಗಳ ಮಸೀದಿಗಳನ್ನು ಕೆಡವಬಾರದು, ವಿರೋಧಿಗಳನ್ನು ಜೈಲಿನಲ್ಲಿಟ್ಟು ಮಾತುಕತೆ ನಡೆಸಲಾಗದು ಎಂದರು. ಮಾತು ಸರಿಯಾಗಿತ್ತು. ನಾಲ್ಕೇ ತಿಂಗಳಲ್ಲಿ ಅವರದೇ ಸರ್ಕಾರ ಆ ದೇಶಕ್ಕೆ 5.3 ಕೋಟಿ ಡಾಲರ್ ಬೆಲೆಯ ಕವಚದ ವಾಹನ, ಕ್ಷಿಪಣಿ ಮಾರುವ ಪ್ರಸ್ತಾವ ಮುಂದಿಟ್ಟಿತು. ಲಿಬಿಯಾದ ಜನರಿಗಾಗಿ ಯುದ್ಧವಿಮಾನ ಹಾರಿಸಿದವರು ಬಹ್ರೇನ್‌ನ ಜನರಿಗೆ ಕೊಟ್ಟದ್ದು ಉಪದೇಶ, ಅವರ ಅರಮನೆಗೆ ತೋರಿಸಿದ್ದು ಆಯುಧದ ಪಟ್ಟಿ.

ಬಂಡಾಯದ ಪರ ಬರೆಯುವಾಗ ಅದರ ಕಪ್ಪು ಚುಕ್ಕೆಯನ್ನು ಮುಚ್ಚಿಡುವುದೂ ಅನ್ಯಾಯವೇ. ಆ ದಿನಗಳಲ್ಲಿ ಕೆಲವು ಗುಂಪುಗಳು ದಕ್ಷಿಣ ಏಷ್ಯಾದ ಕಾರ್ಮಿಕರ ಮೇಲೆ, ಅದರಲ್ಲೂ ಪಾಕಿಸ್ತಾನಿಗಳ ಮೇಲೆ, ಹಲ್ಲೆ ಮಾಡಿದವು. ಆಯೋಗ ಅದನ್ನೂ ದಾಖಲಿಸಿದೆ. ಅದಕ್ಕೆ ಕ್ಷಮೆಯಿಲ್ಲ. ಆದರೆ ಆ ದ್ವೇಷದ ಬೀಜ ಬಿತ್ತಿದವರಾರು? ಸ್ವಂತ ನಾಗರಿಕರನ್ನು ನಂಬದೆ ಪಾಕಿಸ್ತಾನ, ಯೆಮನ್, ಸಿರಿಯಾ, ಜೋರ್ಡಾನ್‌ಗಳಿಂದ ಆಳು ತಂದು ಪೊಲೀಸ್ ಸಮವಸ್ತ್ರ ತೊಡಿಸಿದವರು ಇದೇ ದೊರೆಗಳು. ಬಡವನ ಕೈಗೆ ಲಾಠಿ ಕೊಟ್ಟು ಇನ್ನೊಬ್ಬ ಬಡವನ ಬೆನ್ನಿಗೆ ಬಿಟ್ಟರು. ಏಟು ತಿಂದವನ ಸಿಟ್ಟು ಅರಮನೆಯನ್ನು ಮುಟ್ಟಲಾರದೆ, ಅದೇ ದೇಶದಿಂದ ಬಂದ ಕೂಲಿಯವನ ಕೋಣೆಯ ಬಾಗಿಲು ಮುರಿಯಿತು.

ಇದು ನಮಗೆ ದೂರದ ಸಂಗತಿಯಲ್ಲ. ಮಂಗಳೂರು, ಉಡುಪಿ, ಭಟ್ಕಳದ ಸಾವಿರಾರು ಮನೆಗಳ ಒಲೆ ಉರಿಯುವುದು ಕೊಲ್ಲಿಯ ದುಡ್ಡಿನಿಂದ. ಮನಾಮಾದಲ್ಲಿ ಕನ್ನಡ ಸಂಘವಿದೆ, ನಮ್ಮ ಹಬ್ಬಗಳು ಅಲ್ಲೂ ನಡೆಯುತ್ತವೆ. ಅಲ್ಲಿ ದುಡಿಯುವವರಿಗೆ ನಾವು ಹೇಳಿ ಕಳಿಸುವ ಬುದ್ಧಿಮಾತು ಒಂದೇ: ಉಂಡ ಮನೆಯ ಜಂತಿ ಎಣಿಸಬೇಡ. ವೀಸಾ ಪ್ರಾಯೋಜಕನ ಕೈಯಲ್ಲಿ, ಸಾಲ ಊರಿನಲ್ಲಿ ಇರುವವನು ಬಾಯಿಗೆ ಬೀಗ ಹಾಕಿಕೊಂಡರೆ ಅವನನ್ನು ನಾನು ದೂರಲಾರೆ. ಬೀಗ ಹಾಕಿಸಿದವರನ್ನು ದೂರುತ್ತೇನೆ. ಇಲ್ಲಿ ಯಾವ ಪ್ರಾಯೋಜಕನ ಭಯವೂ ಇಲ್ಲದೆ, ನಮಗ್ಯಾಕೆ ಊರ ಉಸಾಬರಿ ಎಂದು ತಟಸ್ಥರಾಗಿ ಕೂತ ನಮ್ಮನ್ನೂ ದೂರುತ್ತೇನೆ. ಕ್ರೇನಿನೊಳಗೆ ಸತ್ತವನು ನಮ್ಮ ಹುಡುಗರಂತೆಯೇ ಹೊಟ್ಟೆಪಾಡಿಗೆ ಸಮುದ್ರ ದಾಟಿದವನು. ದೊರೆಗೆ ನೆನಪು ಅಳಿಸುವ ಅವಸರ. ಆ ಅವಸರದಲ್ಲಿ, ಮುನ್ನೂರು ಅಡಿ ಎತ್ತರದ ಕಾಂಕ್ರೀಟು ಯಾವ ಕಡೆ ಬೀಳುತ್ತದೆ, ಕೆಳಗೆ ಯಾರಿದ್ದಾರೆ ಎಂದು ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಮುತ್ತಿನ ಚರಿತ್ರೆಯೂ ಇಂಥವರ ಬೆವರಿನದೇ. 1932ರಲ್ಲಿ ತೈಲ ಸಿಗುವ ಮೊದಲು ಬಹ್ರೇನ್ ಬದುಕಿದ್ದು ಮುತ್ತಿನ ಮೇಲೆ. ಕಾಲಿಗೆ ಕಲ್ಲು ಕಟ್ಟಿಕೊಂಡು, ಮೂಗಿಗೆ ಚಿಮಟ ಸಿಕ್ಕಿಸಿಕೊಂಡು ಮುಳುಗುಗಾರರು ಸಮುದ್ರದ ತಳಕ್ಕಿಳಿಯುತ್ತಿದ್ದರು. ಹಡಗಿನ ಯಜಮಾನನಿಂದ ಮುಂಗಡ ಪಡೆದ ಸಾಲ ತೀರುತ್ತಲೇ ಇರಲಿಲ್ಲ. ಅಪ್ಪ ಸತ್ತರೆ ಮಗನ ತಲೆಗೆ ಬರುತ್ತಿತ್ತು. ಜಪಾನಿನ ಕೃಷಿ ಮುತ್ತು ಬಂದು ಆ ಕಸುಬನ್ನು ಮುಗಿಸಿತು. ಮುಹರ್ರಖ್ ಪಟ್ಟಣದ 17 ಕಟ್ಟಡಗಳು, ಮೂರು ಮುತ್ತಿನ ಚಿಪ್ಪಿನ ಪಾತಳಿಗಳು, ಒಂದು ಕೋಟೆ, ತುಸು ಕಡಲತೀರ ಇವೆಲ್ಲ ಸೇರಿ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಅರ್ಜಿ ಹಾಕಿದ್ದು ಇದೇ ಸರ್ಕಾರ. ಜನ ನೆರೆದ ಮುತ್ತಿನ ಸ್ಮಾರಕವನ್ನು ಪುಡಿ ಮಾಡಿದ ಮರುವರ್ಷವೇ ಮುತ್ತಿನ ಪರಂಪರೆಗೆ ಗೌರವ ಪಡೆದರು. ಪ್ರವಾಸಿಗೆ ತೋರಿಸುವ ಪರಂಪರೆ ಇರಲಿ, ಪ್ರಜೆ ನಿಲ್ಲುವ ಪರಂಪರೆ ಬೇಡ.

ಈ ಚಾಳಿ ಬಹ್ರೇನ್‌ನದು ಮಾತ್ರವಲ್ಲ. ಸಿರಿಯಾದ ಹೋಮ್ಸ್ ನಗರದಲ್ಲಿ 2011ರ ಏಪ್ರಿಲ್‌ನಲ್ಲಿ ಗಡಿಯಾರ ಚೌಕದಲ್ಲಿ ಧರಣಿ ಕೂತವರ ಮೇಲೆ ಗುಂಡು ಹಾರಿತು. ಆಮೇಲೆ ಆ ಊರಿನ ಬಡಾವಣೆ ಬಡಾವಣೆಗಳೇ ಪುಡಿಯಾದವು. ಅಲೆಪ್ಪೊದ ಹಳೆಯ ಸಂತೆ 2012ರಲ್ಲಿ ಕಾಳಗದ ನಡುವೆ ಸುಟ್ಟಿತು. ಸುಮಾರು ಒಂಬತ್ತು ಶತಮಾನ ನಿಂತಿದ್ದ, ಅಲ್ಲಿನ ಉಮಯ್ಯದ್ ಮಸೀದಿಯ ಮಿನಾರು 2013ರ ಏಪ್ರಿಲ್ 24ರಂದು ಬಿತ್ತು. ಯಾರ ಶೆಲ್ಲಿಗೆ ಬಿತ್ತೆಂದು ಎರಡೂ ಕಡೆಯವರು ಪರಸ್ಪರ ಬೆರಳು ತೋರಿಸಿದರು. ಆದರೆ ಊರುಗಳನ್ನು ರಣರಂಗ ಮಾಡಿದ ಮೊದಲ ಪಾಪ, ಗೋಡೆಬರಹ ಬರೆದ ದರಾ ಊರಿನ ಮಕ್ಕಳನ್ನು ಹಿಡಿದು ಹಿಂಸಿಸಿದ ಸಿರಿಯಾದ ಅಂದಿನ ಆಳ್ವಿಕೆಯದು. ಪ್ರಜೆಯ ಮಾತು ಕೇಳುವುದಕ್ಕಿಂತ ಪ್ರಜೆಯ ಊರನ್ನೇ ಇಲ್ಲವಾಗಿಸುವುದು ಸುಲಭ ಎಂದು ಇಂಥ ಸರ್ವಾಧಿಕಾರಿಗಳು ತಿಳಿದಿದ್ದಾರೆ. ಆ ಊರುಗಳನ್ನು ಕಟ್ಟಿದವರು ಅವರಲ್ಲವಲ್ಲ, ಕೆಡವಲು ಅವರ ಕೈ ನಡುಗುವುದಿಲ್ಲ.

ಆದ್ದರಿಂದ ಕೇಳುವುದನ್ನು ನೇರವಾಗಿಯೇ ಕೇಳಬೇಕು. 2024ರ ಏಪ್ರಿಲ್‌ನಲ್ಲಿ ದೊರೆ ಹಮದ್ 1500ಕ್ಕೂ ಹೆಚ್ಚು ಕೈದಿಗಳಿಗೆ ಕ್ಷಮಾದಾನ ಕೊಟ್ಟರು. ಅಲ್ ಖವಾಜಾ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಮಾತಾಡಿದ್ದಕ್ಕೆ ಜೈಲು ಸೇರಿದವರೆಲ್ಲ ಹೊರಬರಲಿ, ಅದೂ ಕ್ಷಮೆಯ ಹೆಸರಿನಲ್ಲಿ ಬೇಡ, ಹಕ್ಕಿನ ಹೆಸರಿನಲ್ಲಿ. ಚಿತ್ರಹಿಂಸೆಗೆ ಆದೇಶ ಕೊಟ್ಟ ಮೇಲಿನವರ ವಿಚಾರಣೆ ನಡೆಯಲಿ. ಕೆಳಗಿನ ಪೇದೆಗಳನ್ನು ಮುಂದೆ ತಳ್ಳಿ ಕೈತೊಳೆದುಕೊಂಡದ್ದು ಸಾಕು. ಸ್ಮಾರಕ ಕೆಡವಲು ಹೋಗಿ ಸತ್ತ ಕಾರ್ಮಿಕನ ಸಾವಿಗೆ ಹೊಣೆ ಯಾರೆಂದು ಸರ್ಕಾರ ಬಹಿರಂಗವಾಗಿ ಹೇಳಲಿ. ಕೆಡವಿದ ಪ್ರತಿ ಮಸೀದಿಯನ್ನೂ ಅದು ಇದ್ದ ಜಾಗದಲ್ಲೇ ಕಟ್ಟಿಕೊಡಲಿ. ಇಷ್ಟನ್ನೂ ಮಾಡುವವರೆಗೆ ಸುಧಾರಣೆ ಎಂಬ ಮಾತನ್ನು ಬಾಯಲ್ಲಿ ಆಡುವ ಹಕ್ಕು ಆ ಅರಮನೆಗಿಲ್ಲ. ಆ ಅರಮನೆಯ ಕೈಕುಲುಕಿ ಬರುವ ಯಾವ ದೇಶದ ಮಂತ್ರಿಗೂ, ನಮ್ಮ ದೇಶದ ಮಂತ್ರಿಯೂ ಸೇರಿದಂತೆ, ಅದನ್ನು ನಂಬಿದಂತೆ ನಟಿಸುವ ಹಕ್ಕಿಲ್ಲ.