ಮೊದಲು ಬಾವುಟ, ಆಮೇಲೆ ಭಾಷೆ

ಓದಲು ಪರದೇಶಕ್ಕೆ ಹೋದವರಿಗೆ ಅಲ್ಲಿನ ರಾಷ್ಟ್ರೀಯ ಹಬ್ಬ ಎಂದರೆ ಸಾಮಾನ್ಯವಾಗಿ ಒಂದು ರಜೆ ಅಷ್ಟೆ. ಬಟ್ಟೆ ಒಗೆದು, ಮನೆಗೆ ವಿಡಿಯೊ ಕಾಲ್ ಮಾಡಿ, ಮಧ್ಯಾಹ್ನ ಮಲಗುವ ದಿನ. ನಾನಿರುವ ನಾರ್ವೆಯಲ್ಲಿ ಮೇ 17ರಂದು ಮಾತ್ರ ಹಾಗೆ ಮಲಗಲು ಆಗುವುದಿಲ್ಲ. ಬೆಳಿಗ್ಗೆ ಬೆಳಿಗ್ಗೆಯೇ ಬ್ಯಾಂಡಿನ ಸದ್ದು ಎಬ್ಬಿಸಿಬಿಡುತ್ತದೆ.

1814ರಲ್ಲಿ ಅದೇ ದಿನ ಐಡ್ಸ್‌ವೋಲ್ ಎಂಬಲ್ಲಿ ಈ ದೇಶದ ಸಂವಿಧಾನಕ್ಕೆ ಸಹಿ ಬಿತ್ತು. ಅಂದರೆ ನಮ್ಮ ಜನವರಿ 26ರಂತೆ ಇದೂ ಸಂವಿಧಾನದ ಹಬ್ಬವೇ. ಆದರೆ ಓಸ್ಲೊದ ಮುಖ್ಯ ರಸ್ತೆಯಲ್ಲಿ ಟ್ಯಾಂಕುಗಳಿಲ್ಲ, ಕ್ಷಿಪಣಿಗಳಿಲ್ಲ. ನಡೆಯುವವರು ಶಾಲೆಯ ಮಕ್ಕಳು. ಒಂದೊಂದು ಶಾಲೆಯೂ ತನ್ನ ಬ್ಯಾನರ್ ಹಿಡಿದು ಅರಮನೆಯವರೆಗೆ ಹೋಗುತ್ತದೆ. ರಾಜಮನೆತನದವರು ಬಾಲ್ಕನಿಯಲ್ಲಿ ನಿಂತು ಗಂಟೆಗಟ್ಟಲೆ ಕೈ ಬೀಸುತ್ತಾರೆ. ನಮ್ಮಲ್ಲಿ ಅತಿಥಿಗಳು ಬರುವವರೆಗೆ ಮಕ್ಕಳು ಬಿಸಿಲಲ್ಲಿ ಕಾಯುತ್ತಾರೆ, ಇಲ್ಲಿ ರಾಜನೇ ಮಕ್ಕಳಿಗಾಗಿ ನಿಂತಿರುತ್ತಾನೆ. ಅಂದು ಎಷ್ಟು ಐಸ್‌ಕ್ರೀಂ ತಿಂದರೂ ಗದರುವವರಿಲ್ಲ. ನಮ್ಮ ದ್ವಿತೀಯ ಪಿಯುಸಿ ವಯಸ್ಸಿನವರು ಕೆಂಪು ಮೇಲುಡುಪು ತೊಟ್ಟು ಕುಣಿಯುತ್ತಿರುತ್ತಾರೆ. ಅವರ ಪರೀಕ್ಷೆ ಇನ್ನೂ ಮುಗಿದಿರುವುದಿಲ್ಲ ಎಂದರೆ ಅಮ್ಮ ನಂಬಲೇ ಇಲ್ಲ.

ನಾನು ಇಲ್ಲಿಗೆ ಬಂದ ಮೊದಲ ವರ್ಷ, ಕೆಳಮನೆಯ ಅಜ್ಜಿಯೊಬ್ಬರು ಬಾಗಿಲು ತಟ್ಟಿ ಕೈಗೊಂದು ಪುಟ್ಟ ಬಾವುಟ ಕೊಟ್ಟರು. ನಾನುಟ್ಟಿದ್ದ ಇಳಕಲ್ ಸೀರೆಯ ಸೆರಗಿಗೆ ಕೆಂಪು, ಬಿಳಿ, ನೀಲಿ ರಿಬ್ಬನ್ ಚುಚ್ಚಿ ‘ಗ್ರಾತುಲೇರರ್ ಮೆ ದಾಗನ್’ ಎಂದರು. ಹುಟ್ಟುಹಬ್ಬಕ್ಕೂ ಇವರು ಹೇಳುವುದು ಇದೇ ಮಾತನ್ನು. ನನಗೆ ಆಗ ನಾರ್ವೇಜಿಯನ್‌ನಲ್ಲಿ ‘ಥ್ಯಾಂಕ್ಸ್’ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅದನ್ನು ಯಾರೂ ಪರೀಕ್ಷಿಸಲೂ ಇಲ್ಲ. ಸಂಜೆಯವರೆಗೆ ಅವರ ಜೊತೆ ಸುತ್ತಿದೆ. ಮಕ್ಕಳು ಕೂಗುತ್ತಿದ್ದುದು ಏನೆಂದು ತಿಳಿಯಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚಿಗೇ ಮುಂದಿನ ತಿಂಗಳು ಭಾಷಾ ತರಗತಿ ಸೇರಿದೆ.

ಇವರು ಹುಟ್ಟಾ ಉದಾರಿಗಳು ಎಂದುಕೊಳ್ಳಬೇಡಿ. ಇದೇ ಸಂವಿಧಾನ ಯಹೂದಿಗಳು ದೇಶದೊಳಗೆ ಕಾಲಿಡುವುದನ್ನೇ ನಿಷೇಧಿಸಿತ್ತು. ಅದರ ವಿರುದ್ಧ ಹೋರಾಡಿದವರು ಕವಿ ಹೆನ್ರಿಕ್ ವೆರ್ಗೆಲಾಂಡ್. ಮೇ 17ರ ಆಚರಣೆಯನ್ನು ಜನರ ಹಬ್ಬವಾಗಿಸಲು ದುಡಿದವರೂ ಅವರೇ. ನಿಷೇಧ ತೆರವಾದದ್ದು 1851ರಲ್ಲಿ, ಅವರು ತೀರಿಕೊಂಡು ಆರು ವರ್ಷಗಳ ಮೇಲೆ. ಈಗ ಪ್ರತಿ ಮೇ 17ರಂದು ಯಹೂದಿ ಯುವಜನರು ಅವರ ಸಮಾಧಿಗೆ ಹೂವಿನ ಹಾರ ಇಡುತ್ತಾರೆ. ಮಕ್ಕಳ ಮೆರವಣಿಗೆ 1870ರಲ್ಲಿ ಶುರುವಾದಾಗ ಅದರಲ್ಲಿ ಇದ್ದವರು ಗಂಡುಹುಡುಗರು ಮಾತ್ರ. ಹುಡುಗಿಯರು ಸೇರಿದ್ದು 1889ರಲ್ಲಿ. ಸಾಲಿನಲ್ಲಿ ಯಾರಿಗೆ ಜಾಗ ಎಂಬುದು ಇಲ್ಲೂ ಜಗಳವಾಡಿಯೇ ತೀರ್ಮಾನವಾದದ್ದು.

ಇದನ್ನೆಲ್ಲ ನೋಡುವಾಗ ನನಗೆ ನೆನಪಾಗುವುದು ಜನವರಿ 26ಕ್ಕಿಂತ ಹೆಚ್ಚಾಗಿ ನಮ್ಮ ನವೆಂಬರ್ 1. ಬೆಂಗಳೂರಿನ ಆಫೀಸುಗಳಲ್ಲಿ ಅಂದು ಕೆಂಪು ಹಳದಿ ಶಾಲು, ಒಂದು ಕ್ವಿಜ್, ಒಂದಿಷ್ಟು ಹಾಡು. ಹೊರರಾಜ್ಯದ ಸಹೋದ್ಯೋಗಿಗಳು ಕಾಫಿ ಕಪ್ ಹಿಡಿದು ಗೋಡೆಗೆ ಒರಗಿರುತ್ತಾರೆ, ಇಲ್ಲವೇ ಅಂದು ಬರುವುದೇ ಇಲ್ಲ. ಹತ್ತು ವರ್ಷ ಇಲ್ಲಿ ಬದುಕಿ ಆಟೋದವರ ಜೊತೆ ಒಂದು ಮಾತು ಕನ್ನಡ ಆಡದವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಆ ಸಿಟ್ಟು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ‘ಕನ್ನಡ ಗೊತ್ತಾ?’ ಎಂದು ಕೇಳುವುದಕ್ಕೆ ಮುಂಚೆ ‘ಬಾ, ನಮ್ಮ ಜೊತೆ ನಡಿ’ ಎಂದು ಎಷ್ಟು ಜನ ಕರೆದಿದ್ದೇವೆ? ನಮ್ಮಲ್ಲಿ ಮೊದಲು ಪರೀಕ್ಷೆ, ಆಮೇಲೆ ಪ್ರವೇಶ. ಕಲಿಯುವ ಆಸೆ ಹುಟ್ಟುವುದು ಒಳಗೆ ಬಂದ ಮೇಲೆ ಎಂಬುದು ನನ್ನದೇ ಅನುಭವ.

ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಹಾಸ್ಟೆಲಿನ ಪಕ್ಕದ ರೂಮಿನವರ ಕೈಗೆ ಬಾವುಟ ಕೊಡಿ, ಮೆರವಣಿಗೆಯಲ್ಲಿ ಭುವನೇಶ್ವರಿಯ ಪಲ್ಲಕ್ಕಿಗೆ ಅವರೂ ಹೆಗಲು ಕೊಡಲಿ. ನಾಡಗೀತೆಯನ್ನು ಅವರಿಗೆ ಗೊತ್ತಿರುವ ಲಿಪಿಯಲ್ಲಿ ಬರೆದುಕೊಡಿ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ತನ್ನ ಪಿ.ಜಿ.ಯ ಒಡಿಶಾದ ಗೆಳತಿಗೆ ಈಗಾಗಲೇ ಹೇಳಿಕೊಡಲು ಕೂತಿದ್ದಾಳೆ. ಒಡಿಯಾದಲ್ಲೂ ‘ಳ’ ಇದೆಯಂತೆ, ಹುಡುಗಿ ಎಲ್ಲೂ ತಡವರಿಸಲಿಲ್ಲವಂತೆ.