ಹೊಸ ಔಷಧಿ, ಹಳೇ ಸಾಲ

ರೇಷ್ಮೆ ಸಾಕುವವರಿಗೆ ಜ್ವರ ಹೊಸದಲ್ಲ. ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಕೂತು, ಪೊರೆ ಕಳಚಿ ಏಳುತ್ತದೆ. ಹಾಗೆ ಮಾಡಿಸುವುದು ಎಕ್ಡೈಸೋನ್ ಎಂಬ ಹಾರ್ಮೋನು. ಅದು ಕೀಲಿ, ಜೀವಕೋಶದೊಳಗಿನ ಗ್ರಾಹಕ ಬೀಗ. ಟೆಬುಫೆನೊಝೈಡ್, ಮೆಥಾಕ್ಸಿಫೆನೊಝೈಡ್ ಅದೇ ಬೀಗಕ್ಕೆ ಮಾಡಿದ ಕಳ್ಳಕೀಲಿಗಳು. ಅಕಾಲದಲ್ಲಿ ಜ್ವರಕ್ಕೆ ಕೂತ ಹುಳು ಪೊರೆ ಬಿಡಲಾರದೆ, ತಿನ್ನಲಾರದೆ ಸಾಯುತ್ತದೆ. ಮನುಷ್ಯನಿಗೆ ಈ ಬೀಗವೇ ಇಲ್ಲ, ಜೇನಿನ ಬೀಗಕ್ಕೆ ಈ ಕೀಲಿ ಸರಿಯಾಗಿ ಕೂರುವುದಿಲ್ಲ. 1998ರಲ್ಲಿ ಅಮೆರಿಕದ ಅಧ್ಯಕ್ಷರ ಹಸಿರು ರಸಾಯನ ಪ್ರಶಸ್ತಿ ಟೆಬುಫೆನೊಝೈಡಿಗೆ ಸಿಕ್ಕಿತು.

ಸಿಗಲಿ. ನರಕ್ಕೆ ಹೊಡೆಯುವ ವಿಷ ಸಿಂಪಡಿಸಿ ಬದುವಿನಲ್ಲೇ ತಲೆಸುತ್ತಿ ಬಿದ್ದವರು ನಾವು, ಇಂಥದ್ದು ಬೇಡ ಅನ್ನೋದಿಲ್ಲ. ಆದರೆ ರೇಷ್ಮೆಹುಳುವೂ ಪತಂಗದ ಮರಿಯೇ, ಬೀಗ ಅದೇ. 2018ರಲ್ಲಿ ನಮ್ಮ ಮೆಕ್ಕೆಜೋಳಕ್ಕೆ ಬಿದ್ದ ಸೈನಿಕ ಹುಳುವಿಗೆ ಇದನ್ನು ಹೊಡೆದು, ಗಾಳಿಗೆ ಹನಿ ಪಕ್ಕದ ಹಿಪ್ಪುನೇರಳೆ ಸೊಪ್ಪಿಗೆ ಬಿದ್ದರೆ ಚಂದ್ರಿಕೆ ಏರಬೇಕಾದ ಹುಳು ತಟ್ಟೆಯಲ್ಲೇ ಸಾಯುತ್ತೆ. ಮೊಟ್ಟೆಗೆ, ಸೊಪ್ಪಿಗೆ ಮಾಡಿದ ಸಾಲ ಯಾರು ತೀರಿಸಬೇಕು?

ಇನ್ನೊಂದು ಮಾತು. ಹುಳು ಬೇಗ ತಿನ್ನುವುದು ಬಿಟ್ಟರೂ ಸಾಯೋಕೆ ಕೆಲವು ದಿನ ಬೇಕು. ಗಿಡದ ಮೇಲೆ ಹುಳು ಕಂಡವನು ಮತ್ತೆ ಅಂಗಡಿಗೆ ಓಡುತ್ತಾನೆ. ಬೇಡ ಕಣಪ್ಪಾ, ಎರಡು ದಿನ ತಡಿ ಅನ್ನುವ ಅಂಗಡಿಯವನನ್ನು ನಾವಂತೂ ಕಂಡಿಲ್ಲ. ಈ ಎರಡೂ ಮಾತನ್ನು ಡಬ್ಬಿಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಅಚ್ಚುಹಾಕಿಸಿ, ಆಮೇಲೆ ಮಾರಲಿ.