ಕೂಸು ಹುಟ್ಟುವ ಮುನ್ನ ಕುಲಾವಿ, ಸಮಿತಿ ಕೂರುವ ಮುನ್ನ ಪ್ರಕಟಣೆ!

ತುಪ್ಪದ ಡಬ್ಬದ ಮೇಲೆ ಏನು ಬರೆದಿರಬೇಕು ಅಂತ ತೀರ್ಮಾನ ಮಾಡಲು ದಿಲ್ಲಿಯವರಿಗೆ ಎಷ್ಟು ದಿನ ಬೇಕು? 2024ರಲ್ಲಿ ಐದೇ ದಿನ ಸಾಕಾಯಿತು. ಉಗುಳಿದ್ದೂ ಆಯಿತು, ನುಂಗಿದ್ದೂ ಆಯಿತು!

ಆ ವರ್ಷ ಆಗಸ್ಟ್ 21ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಹಾಲು, ತುಪ್ಪ, ಬೆಣ್ಣೆ, ಮೊಸರಿನ ಮೇಲೆ ‘ಎ1’, ‘ಎ2’ ಅಂತ ಬರೆದುಕೊಳ್ಳುವ ಹೆಗ್ಗಳಿಕೆ ತೆಗೆಯಬೇಕು, ಅಚ್ಚಾಗಿರುವ ಲೇಬಲ್ ಮುಗಿಸಲು ಆರು ತಿಂಗಳು ವಾಯಿದೆ, ಅಷ್ಟೆ. ಅಂಗಡಿಯವರು ಮಾಲು ಏನು ಮಾಡುವುದೆಂದು ತಲೆ ಕೆರೆದುಕೊಳ್ಳುವಷ್ಟರಲ್ಲಿ, ಆಗಸ್ಟ್ 26ಕ್ಕೆ ಆದೇಶವೇ ವಾಪಸ್! ಕಾರಣ? ಸಂಬಂಧಪಟ್ಟವರ ಜೊತೆ ಇನ್ನಷ್ಟು ಸಮಾಲೋಚನೆ ಮಾಡಬೇಕಂತೆ.

ತಾಳಿ ಕಟ್ಟಿದ ಮೇಲೆ ಜಾತಕ ಕೇಳುವುದು ಅಂದರೆ ಇದೇ ಅಲ್ಲವೇ?

ತಮಾಷೆ ಏನೆಂದರೆ, ಆದೇಶದಲ್ಲಿ ಹುರುಳಿತ್ತು. ಎ1, ಎ2 ಎಂಬುದು ಹಾಲಿನಲ್ಲಿರುವ ಒಂದು ಬಗೆಯ ಪ್ರೋಟೀನಿನ ವ್ಯತ್ಯಾಸ. ತುಪ್ಪವೆಂದರೆ ಬಹುಮಟ್ಟಿಗೆ ಬರೀ ಕೊಬ್ಬು. ಪ್ರೋಟೀನೇ ಇಲ್ಲದ ಕಡೆ ಪ್ರೋಟೀನಿನ ಹೆಸರು ಹೇಳಿ ಹೆಚ್ಚು ದುಡ್ಡು ಕೀಳುವುದು ಗಿರಾಕಿಗೆ ಟೋಪಿ ಹಾಕಿದಂತೆಯೇ. ಆದರೆ ಸರಿಯಾದ ಮಾತನ್ನೂ ಅವಸರದಲ್ಲಿ ಆಡಿದರೆ ಅದು ನಿಲ್ಲುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ದಾರಿ ಇರಲಿಲ್ಲವೇ? ಇತ್ತು. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ನಿಯಮ ಮಾಡುವ ಮೊದಲು ಕರಡು ಪ್ರಕಟಿಸಬೇಕು, ಜನರ ಮಾತು ಕೇಳಬೇಕು. ಮಾಡಿದ ನಿಯಮವನ್ನು ಸಂಸತ್ತಿನ ಎರಡೂ ಸದನಗಳ ಮುಂದೆ 30 ದಿನ ಇಡಬೇಕು. ಬೇಡವೆನಿಸಿದರೆ ಸದನಗಳು ತಿದ್ದಬಹುದು, ರದ್ದೂ ಮಾಡಬಹುದು. ಕಾಗದದ ಮೇಲೆ ಒಂದು ಆದೇಶ ಹೊರಡಿಸಿಬಿಟ್ಟರೆ ಈ ಉಸಾಬರಿ ಯಾವುದೂ ಇಲ್ಲ. ಆದ್ದರಿಂದಲೇ ಅಧಿಕಾರಿಗಳಿಗೆ ಆದೇಶದ ಮೇಲೆ ಅಷ್ಟೊಂದು ಪ್ರೀತಿ.

ಹಳೆಯದೊಂದು ನೆನಪಿರಲಿ. 2003ರ ಆಗಸ್ಟಿನಲ್ಲಿ ತಂಪು ಪಾನೀಯಗಳಲ್ಲಿ ಕೀಟನಾಶಕ ಇದೆ ಎಂದು ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಹೇಳಿತು. ಆಗಿನ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್, ದೇಶದಲ್ಲಿ ಜಾರಿಯಲ್ಲಿರುವ ಮಿತಿ ಮೀರಿಲ್ಲ ಎಂದು ಸಂಸತ್ತಿನಲ್ಲಿ ಸಮಾಧಾನ ಹೇಳಿದರು. ಮಾರನೆಯ ದಿನವೇ ಶರದ್ ಪವಾರರ ಅಧ್ಯಕ್ಷತೆಯಲ್ಲಿ ಜಂಟಿ ಸಂಸದೀಯ ಸಮಿತಿ ನೇಮಕವಾಯಿತು. ಆರು ತಿಂಗಳು ಕೂತು, ಎಲ್ಲ ಕಡೆಯವರ ಮಾತು ಕೇಳಿ, 2004ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಕೀಟನಾಶಕ ಇದ್ದದ್ದು ನಿಜ ಎಂದಿತು. ಸರ್ಕಾರದ ಸಮಾಧಾನಕ್ಕಿಂತ ಸಮಿತಿಯ ನಿಧಾನವೇ ಜನರ ಉಪಯೋಗಕ್ಕೆ ಬಂತು.

ಹಾಗಂತ ನಿಧಾನವೇ ದೊಡ್ಡದೆಂದು ನಿದ್ದೆ ಹೊಡೆಯುವುದೂ ಸಲ್ಲ. ಪ್ಯಾಕೆಟ್ಟಿನ ಮುಂಭಾಗದಲ್ಲಿ ನಕ್ಷತ್ರದ ಗುರುತು ಹಾಕುವ ಕರಡು 2022ರ ಸೆಪ್ಟೆಂಬರಿನಲ್ಲಿ ಬಂತು. ಅದು ತೀರ್ಮಾನವಾಗುವ ಮುನ್ನವೇ 2024ರ ಜುಲೈನಲ್ಲಿ, ಸಕ್ಕರೆ, ಉಪ್ಪು, ಕೊಬ್ಬಿನ ಲೆಕ್ಕ ದಪ್ಪ ಅಕ್ಷರದಲ್ಲಿ ಬರುತ್ತದೆ ಎಂದು ಇನ್ನೊಂದು ಪ್ರಕಟಣೆ. ಪೇಪರಿನಲ್ಲಿ ಅಕ್ಷರ ದಪ್ಪವಾಗಿಯೇ ಬಂತು. ಪ್ಯಾಕೆಟ್ಟಿನ ಮೇಲೆ? ಕೊನೆಗೆ 2025ರ ಏಪ್ರಿಲಿನಲ್ಲಿ, ಮೂರು ತಿಂಗಳಲ್ಲಿ ಮುಗಿಸಿ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಬಸ್ಸು ಹತ್ತುವ ಮುನ್ನ ಮಗುವಿಗೆ ಚಿಪ್ಸ್ ಪ್ಯಾಕೆಟ್ಟು ಕೊಡಿಸುವ ತಾಯಿಗೆ ಬೇಕಾದದ್ದು ಪ್ರಕಟಣೆಯಲ್ಲ, ಓದಲು ಬರುವ ಲೇಬಲ್. ಅಂಗಡಿಯವನಿಗೆ ಬೇಕಾದದ್ದು ಇವತ್ತೊಂದು ನಾಳೆಯೊಂದು ಅಲ್ಲ, ಒಂದೇ ಕಾಯಂ ನಿಯಮ. ಮೊದಲು ಕೇಳಲಿ, ಸಮಿತಿ ಮುಗಿಸಲಿ, ಸದನದ ಮುಂದೆ ಇಡಲಿ. ಡಂಗುರ ಆಮೇಲೆ ಹೊಡೆದರಾಯಿತು!